ಯಮುನಾ ತೀರದ ಮರಳಿನ ಮೇಲೆ ಹಾಸ್ಟೆಲ್ ಕಟ್ಟಡ: ಪೈಲ್ ಸಾಕೇ, ನೆಲವನ್ನೇ ಬಿಗಿ ಮಾಡಬೇಕೇ?

ಸೈಟ್_ನೋಯ್ಡಾ ಕೇಳಿದ್ದು:

ನಮಸ್ಕಾರ. ನೋಯ್ಡಾದಲ್ಲಿ ಯಮುನೆಯ ಹಳೆಯ ಪಾತ್ರದ ಮೇಲೆ ಒಂದು ಹಾಸ್ಟೆಲ್ ಬರುತ್ತಿದೆ. ನೆಲಮಹಡಿ ಮತ್ತು ಅದರ ಮೇಲೆ ನಾಲ್ಕು ಮಹಡಿ, ಅಳತೆ 18 ಮೀ × 36 ಮೀ, ರಾಫ್ಟ್ (ಇಡೀ ಕಟ್ಟಡದ ಕೆಳಗಿನ ಒಂದೇ ಕಾಂಕ್ರೀಟ್ ಹಾಸಿನ ಅಡಿಪಾಯ) ತಳ 1.5 ಮೀ ಆಳದಲ್ಲಿ. ಭೂಕಂಪ ವಲಯ 4.

ಬೋರ್‌ಹೋಲ್ ನಾಲ್ಕಾಗಿವೆ. ಮೇಲಿನ 2 ಮೀ ತುಂಬಿದ ಮಣ್ಣು. ಅಲ್ಲಿಂದ ಸುಮಾರು 9.5 ಮೀ ತನಕ ನುಣ್ಣನೆಯ ಬೂದು ಮರಳು. ಎಸ್‌ಪಿಟಿ ಎನ್ (ಪರೀಕ್ಷೆಯ ಕೊಳವೆಯನ್ನು ನೆಲಕ್ಕೆ ಇಳಿಸಲು ಬೇಕಾದ ಸುತ್ತಿಗೆ ಏಟುಗಳ ಎಣಿಕೆ, ಕಡಿಮೆಯಾದಷ್ಟೂ ಮಣ್ಣು ಸಡಿಲ) 3 ಮೀಟರಿನಲ್ಲಿ 7, 4.5ರಲ್ಲಿ 8, 6ರಲ್ಲಿ 9, 7.5ರಲ್ಲಿ 11, 9ರಲ್ಲಿ 14. ಅದರ ಕೆಳಗೆ ಎನ್ 28ಕ್ಕಿಂತ ಹೆಚ್ಚು. 75 ಮೈಕ್ರಾನ್ ಜರಡಿಯಲ್ಲಿ ಇಳಿಯುವ ಫೈನ್ಸ್ ಸಾಮಾನ್ಯವಾಗಿ 12 ಶೇ. ಬೋರ್‌ಹೋಲ್ 3ರಲ್ಲಿ ಮಾತ್ರ 7.5 ಮೀಟರಿನ ಹತ್ತಿರ 28 ಶೇ, ಅಲ್ಲಿ ಎನ್ 8. ಬೋರ್ ಹಾಕಿದ್ದು ಮೇ ತಿಂಗಳಲ್ಲಿ, ಆಗ ನೀರು 4.2 ಮೀಟರಿನಲ್ಲಿತ್ತು. ಮಳೆಗಾಲದಲ್ಲಿ 2.5 ಮೀಟರಿಗೆ ಬರುತ್ತದೆಂದು ಪಕ್ಕದ ಬಾವಿಯವರು ಹೇಳುತ್ತಾರೆ. 18 ಮೀ ಬದಿಯಲ್ಲಿ, ನಮ್ಮ ಗೋಡೆಯಿಂದ 6 ಮೀ ದೂರಕ್ಕೆ ಎರಡಂತಸ್ತಿನ ಹಳೆಯ ಇಟ್ಟಿಗೆ ಮನೆ ಇದೆ.

ಮಣ್ಣಿನ ವರದಿ ಬರೆದವರು 12 ಮೀ ಪೈಲ್ (ನೆಲದಾಳಕ್ಕೆ ಇಳಿಸುವ ಕಾಂಕ್ರೀಟ್ ಕಂಬ) ಸಾಕು ಅಂದಿದ್ದಾರೆ. ಗುತ್ತಿಗೆದಾರರು 600 ಮಿ.ಮೀ. ಸ್ಟೋನ್ ಕಾಲಂಗಳನ್ನು (ನೆಲದೊಳಗೆ ಜಲ್ಲಿ ತುಂಬಿ ಮಾಡುವ ಕಂಬ) 3 ಮೀ ಅಂತರದಲ್ಲಿ ಹಾಕಿ ಅದರ ಮೇಲೆ ರಾಫ್ಟ್ ಕೂರಿಸೋಣ ಅನ್ನುತ್ತಿದ್ದಾರೆ. ಯಾವುದು ಸರಿ? ಅಂತರ ಹೇಗೆ ನಿಗದಿ ಮಾಡುವುದು? ಕೆಲಸ ಸರಿಯಾಗಿದೆಯೆಂದು ಕೊನೆಗೆ ಹೇಗೆ ಖಾತ್ರಿ ಮಾಡಿಕೊಳ್ಳುವುದು?

ಬೋರ್‌ಲಾಗ್ ಉತ್ತರ:

ಸರ್, ಪೈಲೋ ಕಾಲಮ್ಮೋ ಅನ್ನುವುದಕ್ಕೆ ಮುಂಚೆ ದ್ರವೀಕರಣದ ಲೆಕ್ಕ ನೋಡೋಣ, ಅಂದರೆ ಭೂಕಂಪದಲ್ಲಿ ನೀರು ತುಂಬಿದ ಸಡಿಲ ಮರಳು ಬಲ ಕಳೆದುಕೊಂಡು ದ್ರವದಂತಾಗುತ್ತದೆಯೇ ಎಂಬುದು. ಮಾಹಿತಿ ಪೂರ್ತಿ ಕೊಟ್ಟಿದ್ದೀರಿ, ಅದರಿಂದ ಕೆಲಸ ಸುಲಭವಾಯಿತು.

6 ಮೀ ಆಳವನ್ನು ತೆಗೆದುಕೊಳ್ಳಿ. ಕಂಪನದ ಲೆಕ್ಕಕ್ಕೆ ಮಳೆಗಾಲದ ನೀರಿನ ಮಟ್ಟವನ್ನೇ ಹಿಡಿಯಬೇಕು, ಅಂದರೆ 2.5 ಮೀ. ನೀರಿನ ಮೇಲಿನ ಮಣ್ಣಿಗೆ 18, ನೀರಿನೊಳಗಿನದಕ್ಕೆ 19.5 ಕಿಲೋನ್ಯೂಟನ್/ಘನ ಮೀ ಎಂದು ಹಿಡಿದರೆ ಒಟ್ಟು ಒತ್ತಡ 113 ಕೆಪಿಎ, ಪರಿಣಾಮಿ ಒತ್ತಡ (ನೀರಿನ ಒತ್ತಡ ಕಳೆದು ಮಣ್ಣಿನ ಕಣಗಳ ನಡುವೆ ಉಳಿಯುವುದು) 79 ಕೆಪಿಎ. ಭೂಕಂಪ ಸಂಹಿತೆ ಐಎಸ್ 1893ರ 2016ರ ಆವೃತ್ತಿಯ ಅನುಬಂಧದ ಪ್ರಕಾರ ನೆಲದ ವೇಗೋತ್ಕರ್ಷಕ್ಕೆ ವಲಯ ಗುಣಕ 0.24 ಹಾಕಿದರೆ, 0.65 × 0.24 × (113/79) × 0.954, ಸಿಎಸ್‌ಆರ್ (ಕಂಪನ ಮಣ್ಣಿನ ಮೇಲೆ ಹೇರುವ ಒತ್ತಡದ ಅನುಪಾತ) 0.21 ಬರುತ್ತದೆ. ಕೊನೆಯ 0.954 ಆಳಕ್ಕೆ ತಕ್ಕ ಇಳಿಕೆ.

ಈಗ ಮಣ್ಣಿನ ಶಕ್ತಿ. ಇಲ್ಲಿ ಬಹಳ ಜನ ಎಡವುತ್ತಾರೆ. ಎನ್ ಬೆಲೆಯನ್ನು 100 ಕೆಪಿಎಗೆ ತಿದ್ದುವಾಗ ಟೆಸ್ಟ್ ಮಾಡಿದ ದಿನದ ನೀರಿನ ಮಟ್ಟ ಬೇಕು, ಮಳೆಗಾಲದ್ದಲ್ಲ. ನಿಮಗೆ ಅದು 4.2 ಮೀ, ಪರಿಣಾಮಿ ಒತ್ತಡ 93 ಕೆಪಿಎ, ತಿದ್ದುಪಡಿ 1.04. ಸುತ್ತಿಗೆಯ ಶಕ್ತಿಗೆ 0.8 (ಹಗ್ಗ ಸುತ್ತಿ ಎಳೆಯುವ ರಿಗ್ ಎಂದುಕೊಂಡಿದ್ದೇನೆ, ಅಳೆದಿದ್ದರೆ ಅಳೆದದ್ದನ್ನೇ ಹಾಕಿ), ರಾಡ್ ಉದ್ದಕ್ಕೆ 0.95. ಹೀಗೆ 9 ಇದ್ದದ್ದು 7.1 ಆಗುತ್ತದೆ. 12 ಶೇ ಫೈನ್ಸ್‌ನ ತಿದ್ದುಪಡಿ ಸೇರಿದರೆ 8.9. ಅದಕ್ಕೆ ಸಿಆರ್‌ಆರ್ (ಮಣ್ಣು ತಡೆದುಕೊಳ್ಳಬಲ್ಲ ಅನುಪಾತ) ಸುಮಾರು 0.10. ಮ್ಯಾಗ್ನಿಟ್ಯೂಡ್ 7ಕ್ಕೆ 1.19ರಿಂದ ಗುಣಿಸಿ ಸಿಎಸ್‌ಆರ್‌ನಿಂದ ಭಾಗಿಸಿದರೆ ಸುರಕ್ಷಾ ಗುಣಕ 0.58. ಮೇ ತಿಂಗಳ ನೀರನ್ನೇ ಹಿಡಿದಿದ್ದರೆ 0.69 ಬರುತ್ತಿತ್ತು. ಎರಡೂ 1ಕ್ಕಿಂತ ಕಡಿಮೆ, ಮರಳು ಸಡಿಲಾಗಿ ಹರಿಯುತ್ತದೆ ಎಂಬುದೇ ಉತ್ತರ, ಆದರೆ ಎಷ್ಟು ಬಿಗಿ ಮಾಡಬೇಕು ಎಂಬುದು ಬದಲಾಗುತ್ತದೆ.

ಗುಣಕ 1.2 ಬೇಕೆಂದರೆ ತಿದ್ದಿದ ಎನ್ 20 ಆಗಬೇಕು. ಹಿಂದಕ್ಕೆ ಲೆಕ್ಕ ಹಾಕಿದರೆ, ಪರೀಕ್ಷೆಯ ದಿನವೂ ನೀರು 4.2 ಮೀಟರಿನಲ್ಲೇ ಇದ್ದರೆ, ರಿಗ್‌ನಲ್ಲಿ ಎಣಿಸುವ ಎನ್ 23 ಬರಬೇಕು. ಮ್ಯಾಗ್ನಿಟ್ಯೂಡ್ 7.5 ಹಿಡಿದರೆ 26. ಯಾವ ಮ್ಯಾಗ್ನಿಟ್ಯೂಡ್ ಎಂದು ವರದಿಯಲ್ಲಿ ಬರೆಸಿಕೊಳ್ಳಿ. ಅದಿಲ್ಲದೆ ಗುರಿಯೇ ಇಲ್ಲ. ಇದೇ ಲೆಕ್ಕವನ್ನು ಪ್ರತಿ ಒಂದೂವರೆ ಮೀಟರಿಗೂ ಮಾಡಿ ಆಳಕ್ಕೆ ತಕ್ಕ ಗುರಿ ರೇಖೆ ಎಳೆಯಬೇಕು. ಒಂದೇ ಸರಾಸರಿ ಅಂಕಿ ಸಾಲದು.

ಇನ್ನೊಂದು ಎಚ್ಚರಿಕೆ. ಎಸ್‌ಪಿಟಿ ಪರೀಕ್ಷೆಯ ಸಂಹಿತೆ ಐಎಸ್ 2131ರಲ್ಲಿ ನೀರಿನೊಳಗಿನ ನುಣ್ಣನೆಯ ಮರಳಿಗೆ ಎನ್ 15 ದಾಟಿದರೆ 15 + 0.5(ಎನ್ − 15) ಎಂಬ ತಿದ್ದುಪಡಿ ಇದೆ. ಬೇರಿಂಗ್ (ಭಾರ ಹೊರುವ ಶಕ್ತಿಯ) ಲೆಕ್ಕಕ್ಕೆ ಅದು ಇರಲಿ. ದ್ರವೀಕರಣದ ಲೆಕ್ಕಕ್ಕೆ ಅದನ್ನು ಹಾಕಬಾರದು, ಯಾಕೆಂದರೆ ಸಿಆರ್‌ಆರ್ ರೇಖೆಯನ್ನು ಎಳೆದದ್ದು ಆ ತಿದ್ದುಪಡಿ ಇಲ್ಲದ ಎನ್ ಮೇಲೆ. ಹಾಕಿದರೆ ಕೆಲಸ ಮುಗಿದ ಮೇಲಿನ 24 ಎಂಬುದು 19.5 ಆಗಿ ಚೆನ್ನಾಗಿ ಬಿಗಿಯಾದ ನೆಲವೂ ನಪಾಸಾಗುತ್ತದೆ.

ಬೋರ್ ಹಾಕುವಾಗ ತೂತಿನೊಳಗೆ ನೀರು ಅಥವಾ ಬೆಂಟೊನೈಟ್ (ಜೇಡಿ ಕಲಸಿದ ನೀರು) ಮಟ್ಟವನ್ನು ಹೊರಗಿನ ನೀರಿಗಿಂತ ಮೇಲೇ ಇಟ್ಟಿದ್ದರೇ ಎಂದೂ ಕೇಳಿ. ರಾಡ್ ಎತ್ತುವಾಗ ಮಟ್ಟ ಇಳಿದರೆ ತಳದ ಮರಳು ಉಕ್ಕಿ ಬರುತ್ತದೆ, ಎನ್ ಸುಳ್ಳು ಕಡಿಮೆ ತೋರಿಸುತ್ತದೆ.

ರಾಫ್ಟ್‌ಪೈಲ್ ಉತ್ತರ:

ಬೋರ್‌ಲಾಗ್ ಅವರ ಲೆಕ್ಕಕ್ಕೆ ನನ್ನ ಒಪ್ಪಿಗೆ ಇದೆ. ಪೈಲ್ ವಿಚಾರ ನಾನು ಹೇಳುತ್ತೇನೆ.

12 ಮೀ ಪೈಲ್ ಎಂದರೆ ಗಟ್ಟಿ ಪದರಕ್ಕೆ ಎರಡೂವರೆ ಮೀಟರ್ ಮಾತ್ರ ಇಳಿದಿದೆ. ಕಂಪನದ ಹೊತ್ತಿಗೆ 2.5ರಿಂದ 9.5 ಮೀ ತನಕದ ಘರ್ಷಣೆ ಹೋಗುತ್ತದೆ, ಇಡೀ ಭಾರ ಆ ಎರಡೂವರೆ ಮೀಟರಿನ ಮೇಲೆ. ಕಂಪನ ನಿಂತ ಮೇಲೆ ಮರಳು ಕೂರುತ್ತದೆ. ಇಷ್ಟು ಸಡಿಲ ಮರಳಿನಲ್ಲಿ ಪದರದ ದಪ್ಪದ 2ರಿಂದ 3 ಶೇ, ಅಂದರೆ ನಿಮ್ಮಲ್ಲಿ 150–200 ಮಿ.ಮೀ. ಕುಸಿತ. ಕೂರುವಾಗ ಪೈಲನ್ನೂ ಕೆಳಗೆ ಎಳೆಯುತ್ತದೆ. ಜೊತೆಗೆ ಸಡಿಲ ಪದರ ಮುಗಿದು ಗಟ್ಟಿ ಪದರ ಶುರುವಾಗುವ ಗಡಿಯಲ್ಲಿ ಬಾಗುವ ಮೊಮೆಂಟ್ ಏರುತ್ತದೆ. ಬಹಳ ಡ್ರಾಯಿಂಗ್‌ಗಳಲ್ಲಿ ಅಷ್ಟು ಆಳಕ್ಕೆ ಬರುವಷ್ಟರಲ್ಲಿ ಸರಳು ಅರ್ಧಕ್ಕೆ ಇಳಿದಿರುತ್ತದೆ, ರಿಂಗ್ ಅಂತರ ದುಪ್ಪಟ್ಟಾಗಿರುತ್ತದೆ. ಪೈಲ್ ಮುರಿಯುವುದು ಅಲ್ಲೇ.

ನಮ್ಮ ದೇಶದ್ದೇ ಉದಾಹರಣೆ ಬೇಕೆಂದರೆ ಕಾಂಡ್ಲಾ ಬಂದರಿನ ಪೋರ್ಟ್ ಮತ್ತು ಕಸ್ಟಮ್ಸ್ ಟವರ್. 22 ಮೀ ಎತ್ತರ, ಕೆಳಗೆ 18 ಮೀ ಉದ್ದದ 32 ಪೈಲ್. ಮೇಲೆ ಸುಮಾರು 10 ಮೀ ಜೇಡಿ, ಪೈಲ್ ತುದಿ ನಿಂತದ್ದು ಅದರ ಕೆಳಗಿನ ಮರಳಿನಲ್ಲಿ. 2001ರ ಜನವರಿ 26ರ ಭುಜ್ ಭೂಕಂಪದಲ್ಲಿ ಆ ಮರಳು ದ್ರವವಾಯಿತು, ಟವರ್ ತಲೆಯ ಮಟ್ಟದಲ್ಲಿ ಸುಮಾರು 30 ಸೆಂ.ಮೀ. ವಾಲಿತು. ಪೈಲ್ ಎಷ್ಟು ಉದ್ದ ಎಂಬುದಕ್ಕಿಂತ ಅದರ ತುದಿ ಯಾವ ಪದರದಲ್ಲಿ ನಿಂತಿದೆ ಎಂಬುದು ಮುಖ್ಯ.

ನಿಮ್ಮ ಕಟ್ಟಡಕ್ಕೆ ನೆಲವನ್ನು ಬಿಗಿ ಮಾಡಿ ರಾಫ್ಟ್ ಕೂರಿಸುವುದೇ ಸರಿಯಾದ ದಾರಿ. ಸಡಿಲ ಪದರ 10 ಮೀ ಒಳಗೇ ಮುಗಿಯುತ್ತದೆ, ಭಾರವೂ ಐದು ಅಂತಸ್ತಿನದು ಮಾತ್ರ. ಪೈಲೇ ಬೇಕೆಂದು ಮಾಲೀಕರು ಹಟ ಹಿಡಿದರೆ ಗಟ್ಟಿ ಪದರದೊಳಗೆ ಸಾಕಷ್ಟು ಇಳಿಸಿ, ಕೆಳಗೆಳೆಯುವ ಭಾರವನ್ನು ಸೇರಿಸಿ, ಗಡಿಯ ಎರಡೂ ಕಡೆ ಪೂರ್ಣ ಸರಳು ಮತ್ತು ಒತ್ತೊತ್ತಾದ ರಿಂಗ್ ಕೊಡಬೇಕು. ಆಗ ಖರ್ಚು ನೆಲ ಬಿಗಿ ಮಾಡುವುದಕ್ಕಿಂತ ಮೇಲೆ ಹೋಗುವುದೇ ಹೆಚ್ಚು. ಅಷ್ಟಾದರೂ ಕಟ್ಟಡದ ಸುತ್ತಲಿನ ನೆಲ ಕುಸಿದು ನೀರಿನ ಪೈಪು, ಚರಂಡಿ, ಮೆಟ್ಟಿಲು ಕಿತ್ತು ಹೋಗುವುದು ತಪ್ಪುವುದಿಲ್ಲ.

ಜಲ್ಲಿಕಂಬ ಉತ್ತರ:

ಕಾಲಂ ಹಾಕುವ ಕಡೆಯಿಂದ ನಾನು ಸೇರಿಸುತ್ತೇನೆ. ಸ್ವಲ್ಪ ಉದ್ದವಾಗುತ್ತದೆ.

ಮೊದಲು ಗುತ್ತಿಗೆದಾರರ ಪ್ರಸ್ತಾವ. 600 ಮಿ.ಮೀ. ಕಾಲಂ 3 ಮೀ ಅಂತರದಲ್ಲಿ ತ್ರಿಕೋನವಾಗಿ ಹಾಕಿದರೆ ಜಲ್ಲಿ ತುಂಬುವ ಜಾಗ 0.907 × (0.6/3)², ಅಂದರೆ ಒಟ್ಟು ವಿಸ್ತೀರ್ಣದ 3.6 ಶೇ. ಅಷ್ಟರಲ್ಲಿ ನಡುವಿನ ಮರಳು ಅಲುಗುವುದೂ ಇಲ್ಲ. 900 ಮಿ.ಮೀ. ಕಾಲಂ 2 ಮೀ ಅಂತರದಲ್ಲಾದರೆ 18 ಶೇ. ಎನ್ 9ರಿಂದ 23ಕ್ಕೆ ಏರಬೇಕಾದ ಕಡೆ ಇಲ್ಲಿಂದ ಶುರು ಮಾಡಬೇಕು.

ಗುತ್ತಿಗೆದಾರರು ಯಾವ ವಿಧಾನದ ಸ್ಟೋನ್ ಕಾಲಂ ಹೇಳುತ್ತಿದ್ದಾರೆ ಅನ್ನುವುದನ್ನು ಕಡ್ಡಾಯವಾಗಿ ಕೇಳಿ. ಕೇಸಿಂಗ್ (ಉಕ್ಕಿನ ಕೊಳವೆ) ಇಳಿಸಿ, ಬೈಲರ್‌ನಿಂದ ಮಣ್ಣು ತೆಗೆದು, ಜಲ್ಲಿ ಸುರಿದು ಗುದ್ದುವ ವಿಧಾನಕ್ಕೂ ಅದೇ ಹೆಸರು. ಮೆತ್ತನೆ ಜೇಡಿಗೆ ಅದು ನಡೆಯುತ್ತದೆ. ನೀರಿನೊಳಗಿನ ಸಡಿಲ ಮರಳಿಗೆ ಬೇಡ. ಅಲ್ಲಿ ಮಣ್ಣನ್ನು ಪಕ್ಕಕ್ಕೆ ತಳ್ಳುವುದಿಲ್ಲ, ಹೊರಗೆ ತೆಗೆಯುತ್ತೀರಿ, ಬೈಲರ್ ಎತ್ತಿದಾಗಲೆಲ್ಲ ಸುತ್ತಲಿನ ಮರಳು ಒಳಗೆ ಹರಿದು ಇನ್ನಷ್ಟು ಸಡಿಲಾಗುತ್ತದೆ. ನಿಮಗೆ ಬೇಕಾದದ್ದು ಅಡ್ಡಡ್ಡ ಅದುರುತ್ತ ನೆಲದೊಳಗೆ ಇಳಿಯುವ ವೈಬ್ರೋಫ್ಲಾಟ್ ಯಂತ್ರ. ತುದಿಯಿಂದ ಜಲ್ಲಿ ಬಿಡುವ ಬಾಟಮ್ ಫೀಡ್ ಸಿಕ್ಕರೆ ಒಳ್ಳೆಯದು, ಕೆಸರು ನೀರಿನ ರಗಳೆ ಇಲ್ಲ. ಅದಕ್ಕೆ 10–40 ಮಿ.ಮೀ. ಜಲ್ಲಿ. ಮೇಲಿನಿಂದ ಸುರಿಯುವ ನೀರಿನ ವಿಧಾನವಾದರೆ 20–75 ಮಿ.ಮೀ. ಎರಡಕ್ಕೂ ಗಟ್ಟಿ ಕಲ್ಲು, ಪುಡಿ 5 ಶೇಕ್ಕಿಂತ ಕಡಿಮೆ. ನೀರಿಲ್ಲದೆ ಮೇಲಿನಿಂದ ಸುರಿಯುವುದು ಇಲ್ಲಿ ಆಗುವುದೇ ಇಲ್ಲ, ಯಂತ್ರ ಎತ್ತಿದೊಡನೆ ತೂತು ಮುಚ್ಚಿಕೊಳ್ಳುತ್ತದೆ.

ಅರ್ಧ ಮೀಟರ್ ಎತ್ತುವುದು, ಜಲ್ಲಿ ಬಿಡುವುದು, ಮತ್ತೆ ಅದೇ ಜಲ್ಲಿಯೊಳಗೆ ಇಳಿದು ಅದುರಿಸುವುದು. ಮೋಟಾರಿನ ಆಂಪಿಯರ್ ಟ್ರಯಲ್‌ನಲ್ಲಿ ಗೊತ್ತು ಮಾಡಿದ ಅಂಕಿಗೆ ಏರಿ ಕೆಲವು ಸೆಕೆಂಡು ಅಲ್ಲೇ ನಿಲ್ಲಬೇಕು, ಆಮೇಲೆ ಮುಂದಿನ ಅರ್ಧ ಮೀಟರ್. 900 ಮಿ.ಮೀ. ಕಾಲಮ್ಮಿಗೆ ಪ್ರತಿ ಅರ್ಧ ಮೀಟರಿಗೆ ಬಿಗಿಯಾದ ಅಳತೆಯಲ್ಲಿ 0.32 ಘನ ಮೀ, ಸುರಿಯುವ ಸಡಿಲ ಅಳತೆಯಲ್ಲಿ ಸುಮಾರು 0.39 ಘನ ಮೀ ಜಲ್ಲಿ ಹೋಗಬೇಕು. ಚಾರ್ಟಿನಲ್ಲಿ ಒಂದು ಕಡೆ 0.25 ಮಾತ್ರ ಇದ್ದರೆ ಆ ತುಂಡು 720 ಮಿ.ಮೀ. ದಪ್ಪ ಮಾತ್ರ ಆಗಿದೆ ಎಂದು ಅರ್ಥ. ಒಟ್ಟು ಜಲ್ಲಿ ಸರಿ ಇದೆ ಎಂದು ತೋರಿಸಿ ಸಹಿ ಹಾಕಿಸಿಕೊಳ್ಳಲು ಬರುತ್ತಾರೆ. ಒಪ್ಪಬೇಡಿ. ಆಳದ ಪ್ರಕಾರ ಜಲ್ಲಿ ಮತ್ತು ಆಂಪಿಯರ್ ಎರಡೂ ಇರುವ ಪ್ರಿಂಟ್ ಪ್ರತಿ ಕಾಲಮ್ಮಿಗೂ ಬೇಕು. ಕಡಿಮೆ ಬಿದ್ದಿರುವುದು ಸಾಮಾನ್ಯವಾಗಿ ತಳದ ಎರಡು ಮೀಟರಿನಲ್ಲೇ.

ಆಳ 10 ಮೀ, ಗಟ್ಟಿ ಪದರ ಮುಟ್ಟಬೇಕು. ಮೇಲಿನ ಒಂದು ಮೀಟರಿಗೆ ಮೇಲಿನಿಂದ ಒತ್ತು ಇಲ್ಲದ ಕಾರಣ ಅದು ಯಾವತ್ತೂ ಸಡಿಲಾಗಿಯೇ ಉಳಿಯುತ್ತದೆ. ರಾಫ್ಟಿಗೆ ಹೇಗೂ 1.5 ಮೀ ಅಗೆಯುವುದರಿಂದ ಅದು ಹೊರಗೆ ಹೋಗುತ್ತದೆ. ಹಾಗಾಗಿ ಅಗೆಯುವ ಮೊದಲೇ ಕಾಲಂ ಹಾಕಿ, ಮೊದಲು ಅಗೆದು ಗುಂಡಿಯಲ್ಲಿ ಇಳಿದು ಹಾಕಬೇಡಿ. ರಾಫ್ಟಿನ ಕೆಳಗೆ 300 ಮಿ.ಮೀ. ಜಲ್ಲಿ ಹಾಸು ರೋಲರ್ ಹೊಡೆದು ಕೂರಿಸಿ, ಅದರ ನೀರು ಹೊರಹೋಗಲು ಅಂಚಿನಲ್ಲಿ ದಾರಿ ಬಿಡಿ. ದಾರಿ ಇಲ್ಲದಿದ್ದರೆ ಕಾಲಂಗಳಿಂದ ಏರಿದ ನೀರು ರಾಫ್ಟಿನ ತಳದಲ್ಲೇ ನಿಂತು ಅದನ್ನು ಎತ್ತಲು ನೋಡುತ್ತದೆ.

ಕಟ್ಟಡದ ಗೆರೆಯೊಳಗೆ ಮಾತ್ರ ಕಾಲಂ ಹಾಕಿದರೆ ಸಾಲದು. ಹೊರಗಿನ ದ್ರವವಾದ ಮರಳಿನ ನೀರೊತ್ತಡ ಒಳಗೆ ನುಗ್ಗುತ್ತದೆ, ಅಂಚಿನ ಕಾಲಂಗಳಿಗೆ ಪಕ್ಕದ ಆಸರೆ ತಪ್ಪುತ್ತದೆ. ಆಳದ ಅರ್ಧದಷ್ಟಾದರೂ, ಅಂದರೆ 5 ಮೀ ಹೊರಗೆ ಹೋಗಬೇಕು.

ಹಳೆಯ ಮನೆಯ ಬದಿಯಲ್ಲಿ ಅದು ಸಾಧ್ಯವಿಲ್ಲ, ಮನೆಯ ಗೋಡೆಗೆ ಒಂದೇ ಮೀಟರ್ ಉಳಿಯುತ್ತದೆ. ಆ ಬದಿಯಲ್ಲಿ ವೈಬ್ರೋ ಕಟ್ಟಡದ ಗೆರೆಗೆ ನಿಲ್ಲಲಿ. ಅದರಾಚೆ 2 ಮೀ ಬಿಟ್ಟು ಸಿಮೆಂಟ್ ಬೆರೆಸಿದ ಮಣ್ಣಿನ ಕಂಬಗಳ ಗೋಡೆ ಕಟ್ಟಿ: 1 ಮೀ ವ್ಯಾಸ, 0.8 ಮೀ ಅಂತರ, ಒಂದಕ್ಕೊಂದು 200 ಮಿ.ಮೀ. ಕಚ್ಚಿಕೊಂಡಿರಬೇಕು, ಆಳ 10.5 ಮೀ. 28 ಮೀ ಉದ್ದಕ್ಕೆ 36 ಕಂಬ. ಘನ ಮೀಟರಿಗೆ 200 ಕೆ.ಜಿ. ಸಿಮೆಂಟ್ ಹಿಡಿದರೆ ಒಂದು ಕಂಬಕ್ಕೆ 33 ಮೂಟೆ. 28 ದಿನಕ್ಕೆ 1 ಎಂಪಿಎ ಬಲ ಬರಬೇಕು, ಕೋರ್ ತೆಗೆದು ನೋಡಿ. ಕಚ್ಚಿಕೊಳ್ಳುವಿಕೆ ಮೇಲೆ ಸರಿ ಇದ್ದು 10 ಮೀ ಕೆಳಗೆ ತಪ್ಪಿರುವುದುಂಟು. ನೂರಕ್ಕೆ ಒಂದು ಓರೆ ಅಂದರೆ 10 ಮೀಟರಿಗೆ 100 ಮಿ.ಮೀ. ಪಕ್ಕಪಕ್ಕದ ಎರಡು ಕಂಬ ಬೇರೆಬೇರೆ ಕಡೆ ಓರೆಯಾದರೆ 200ರ ಕಚ್ಚು ಪೂರ್ತಿ ಹೋಯಿತು. ಮಾಸ್ಟಿನ ಲಂಬವನ್ನು ಪ್ರತಿ ಕಂಬಕ್ಕೂ ದಾಖಲಿಸಿ.

ಈ ಗೋಡೆ ಪದ್ಧತಿಯ ಪೂರ್ಣ ರೂಪ ಜಪಾನಿನ ಕೋಬೆಯ ಓರಿಯೆಂಟಲ್ ಹೋಟೆಲ್‌ನಲ್ಲಿದೆ. ಅಲ್ಲಿ ಕಟ್ಟಡದ ಕೆಳಗೆ ಚೌಕಚೌಕವಾಗಿ ಇಂಥ ಗೋಡೆ ಕಟ್ಟಿದ್ದರು. 1995ರ ಜನವರಿಯ ಕಂಪನದಲ್ಲಿ ಸುತ್ತಲಿನ ಧಕ್ಕೆಯ ಗೋಡೆಗಳು ಸಮುದ್ರದ ಕಡೆಗೆ ಒಂದೆರಡು ಮೀಟರ್ ಸರಿದರೂ ಹೋಟೆಲಿನ ಅಡಿಪಾಯ ಉಳಿಯಿತು.

ಒಟ್ಟು ಲೆಕ್ಕ: 28 ಮೀ × 41 ಮೀ ಜಾಗ, ಒಂದು ಕಾಲಮ್ಮಿಗೆ 3.46 ಚದರ ಮೀ, ಸುಮಾರು 335 ಕಾಲಂ. ಜಲ್ಲಿ ಸಡಿಲ ಅಳತೆಯಲ್ಲಿ 2,600 ಘನ ಮೀ. ಕೆಲಸ ಮನೆಯ ಬದಿಯಿಂದ ಶುರು ಮಾಡಿ ದೂರ ಸಾಗಲಿ, ತಿರುಗಿಸಿ ಮಾಡಿದರೆ ಮರಳನ್ನು ಮನೆಯ ಕಡೆಗೆ ತಳ್ಳಿದಂತೆ. ಮನೆಯ ಗೋಡೆಗೆ ಕಂಪನಮಾಪಕ ಹಾಕಿ, ಸೆಕೆಂಡಿಗೆ 5 ಮಿ.ಮೀ. ಮೀರಿದರೆ ನಿಲ್ಲಿಸಿ. ಶುರುವಿಗೆ ಮೊದಲೇ ಆ ಮನೆಯ ಬಿರುಕುಗಳ ಫೋಟೊ ತೆಗೆದು ಮನೆಯವರ ಸಹಿ ಪಡೆಯಿರಿ.

ಬೋರ್‌ಲಾಗ್ ಉತ್ತರ:

ಜಲ್ಲಿಕಂಬ ಅವರು ಹೇಳಿದ್ದಕ್ಕೆ ಪರೀಕ್ಷೆಯ ಭಾಗ ಸೇರಿಸುತ್ತೇನೆ.

ಪರೀಕ್ಷೆ ಕಾಲಮ್ಮಿನ ಮೇಲಲ್ಲ, ಮೂರು ಕಾಲಂಗಳ ನಟ್ಟನಡುವೆ. ಅತಿ ಸಡಿಲಾಗಿ ಉಳಿಯುವ ಜಾಗ ಅದೇ. ಕಾಲಮ್ಮಿನ ಮೇಲೆ ಲೋಡ್ ಟೆಸ್ಟ್ ಮಾಡಿ ಪಾಸ್ ಎಂದು ಬರೆಯುವವರಿದ್ದಾರೆ. ಅದು ಭಾರ ಹೊರುವ ಶಕ್ತಿಯನ್ನು ಹೇಳುತ್ತದೆಯೇ ಹೊರತು ಮರಳು ದ್ರವವಾಗುತ್ತದೋ ಇಲ್ಲವೋ ಹೇಳುವುದಿಲ್ಲ.

ಟ್ರಯಲ್‌ಗೆ 1.8, 2.0, 2.2 ಮೀ ಅಂತರದ ಮೂರು ಗುಂಪು ಹಾಕಿ. ಪ್ರತಿ ಗುಂಪಿನಲ್ಲಿ ಕನಿಷ್ಠ 12 ಕಾಲಂ ಇರಲಿ. ಮೂರೇ ಕಾಲಂ ಹಾಕಿ ನಡುವೆ ಪರೀಕ್ಷಿಸಿದರೆ ಸುತ್ತಲಿನ ಕಾಲಂಗಳ ಪರಿಣಾಮ ಸಿಗುವುದಿಲ್ಲ. ಮೊದಲಿನ ಮತ್ತು ನಂತರದ ಪರೀಕ್ಷೆ ಒಂದರಿಂದ ಒಂದೂವರೆ ಮೀಟರ್ ಒಳಗೆ ಇರಬೇಕು, ನದಿ ಮರಳು ಹತ್ತು ಹೆಜ್ಜೆಗೊಮ್ಮೆ ಬದಲಾಗುತ್ತದೆ. ಕಾಲಂ ಮುಗಿದ ಮೇಲೆ ಎರಡು ವಾರ ಬಿಡಿ, ಸಿಲ್ಟ್ (ಮರಳಿಗಿಂತ ನುಣುಪಾದ ಹೂಳು) ಇರುವಲ್ಲಿ ಮೂರು-ನಾಲ್ಕು ವಾರ. ಮರುದಿನವೇ ಪರೀಕ್ಷಿಸಿದರೆ ನೀರೊತ್ತಡ ಇನ್ನೂ ಇಳಿದಿರದೆ ನೆಲ ನಪಾಸಾಗಿ ಕಾಣುತ್ತದೆ. ಸಿಪಿಟಿ ಯಂತ್ರ (ಶಂಕುವನ್ನು ನೆಲಕ್ಕೆ ಒತ್ತಿ ತಡೆಯನ್ನು ಅಳೆಯುವುದು) ಸಿಕ್ಕರೆ ಅದನ್ನೇ ಬಳಸಿ. ಎಸ್‌ಪಿಟಿ ಒಂದೂವರೆ ಮೀಟರಿಗೊಂದು ಅಂಕಿ ಕೊಟ್ಟರೆ ಸಿಪಿಟಿ ಪ್ರತಿ ಒಂದೆರಡು ಸೆಂಟಿಮೀಟರಿಗೆ ಕೊಡುತ್ತದೆ. ನಡುವಿನ ಅರ್ಧ ಮೀಟರಿನ ಸಡಿಲ ಪಟ್ಟಿ ಎಸ್‌ಪಿಟಿಯಲ್ಲಿ ಕಣ್ಣಿಗೇ ಬೀಳದೆ ಹೋಗಬಹುದು.

ಬೋರ್‌ಹೋಲ್ 3ರ 28 ಶೇ ಫೈನ್ಸ್ ನನಗೆ ಚಿಂತೆ ತರುತ್ತದೆ. ಈಗಿನ ಗುಣಕ ಅಲ್ಲಿ 0.66. ನೀರು ಬೇಗ ಹೊರಹೋಗದ ಮಣ್ಣಿನಲ್ಲಿ ಕಣಗಳು ಒತ್ತಾಗಿ ಕೂರುವುದಿಲ್ಲ. 2011ರ ಭೂಕಂಪದ ನಂತರ ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನಲ್ಲಿ ನಡೆಸಿದ ದೊಡ್ಡ ಪ್ರಯೋಗಗಳಲ್ಲೂ ಶುದ್ಧ ಮರಳು ಚೆನ್ನಾಗಿ ಬಿಗಿಯಾಯಿತು, ಸಿಲ್ಟ್ ಬೆರೆತದ್ದು ಅಷ್ಟಾಗಿ ಆಗಲಿಲ್ಲ. ಆ ಮಾದರಿಗೆ ಅಟ್ಟರ್‌ಬರ್ಗ್ ಪರೀಕ್ಷೆ (ಮಣ್ಣು ಎಷ್ಟು ಜಿಗುಟು ಎಂದು ನೋಡುವುದು) ಮಾಡಿಸಿ. ಪ್ಲಾಸ್ಟಿಸಿಟಿ ಇಂಡೆಕ್ಸ್ 7 ದಾಟಿದರೆ ಅದು ಜೇಡಿಯಂತೆ ವರ್ತಿಸುತ್ತದೆ, ಆಗ ಲೆಕ್ಕವೇ ಬೇರೆ. ದಾಟದಿದ್ದರೆ ಆ ಮೂಲೆಯಲ್ಲಿ ಅಂತರವನ್ನು 1.7 ಮೀಟರಿಗೆ ಇಳಿಸಿ ನೋಡಿ, ಜಲ್ಲಿಯ ಪಾಲು 25 ಶೇ ಆಗುತ್ತದೆ. ಅದಕ್ಕೂ ಏರದಿದ್ದರೆ ಅಲ್ಲಿಗೆ ಸಿಮೆಂಟ್ ಕಂಬಗಳ ಚೌಕವೇ ಗತಿ. ಯಂತ್ರ ಸೈಟಿನಲ್ಲೇ ಇರುತ್ತದೆ, ಹೆಚ್ಚುವರಿ ಖರ್ಚು ಕಂಬಗಳದ್ದು ಮಾತ್ರ.

"ಕಾಲಂ ಗಟ್ಟಿ ಇದೆ, ಕಂಪನದ ಶಿಯರ್ (ಅಡ್ಡ ಜಾರಿಸುವ ಬಲ) ಅದೇ ಹೊರುತ್ತದೆ, ಮರಳು ಬಿಗಿಯಾಗದಿದ್ದರೂ ಪರವಾಗಿಲ್ಲ" ಎಂಬ ವಾದ ಬರುತ್ತದೆ. ಕಾಲಂ ಮತ್ತು ಮರಳು ಒಂದೇ ಪ್ರಮಾಣದಲ್ಲಿ ಶಿಯರ್ ಆಗುತ್ತವೆ ಎಂದುಕೊಂಡರೆ ಮಾತ್ರ ಆ ಲೆಕ್ಕ ಸರಿ. ಬಿಡಿ ಕಾಲಂಗಳು ಶಿಯರ್ ಆಗುವ ಬದಲು ಬಾಗುತ್ತವೆ, ಮರಳಿನ ಪಾಲು ಅಷ್ಟೇನೂ ಇಳಿಯುವುದಿಲ್ಲ. ಆ ಲಾಭವನ್ನು ಲೆಕ್ಕಕ್ಕೆ ಸೇರಿಸಬೇಡಿ.

ಅಳಿವೆಬಾಗಿಲು ಕೇಳಿದ್ದು:

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಮಂಗಳೂರಿನ ನೇತ್ರಾವತಿ ಅಳಿವೆ ಕಡೆಯ ಮರಳಿನ ಮೇಲೆ ಎರಡಂತಸ್ತಿನ ಮನೆ ಕಟ್ಟುವವರಿಗೂ ಇಷ್ಟೆಲ್ಲ ಬೇಕೇ?

ಬೋರ್‌ಲಾಗ್ ಉತ್ತರ:

ಇಷ್ಟು ಬೇಡ. 2016ರ ಸಂಹಿತೆಯಲ್ಲಿ ಮಂಗಳೂರು ವಲಯ 3, ಗುಣಕ 0.16. ಮೇಲಿನ ಅದೇ ಮಣ್ಣು, ಅದೇ ನೀರು ಇಟ್ಟು ಮ್ಯಾಗ್ನಿಟ್ಯೂಡ್ 6.5 ಹಾಕಿದರೆ ಸುರಕ್ಷಾ ಗುಣಕ 1.05ರ ಹತ್ತಿರ ಬರುತ್ತದೆ. ಅಂಚಿನಲ್ಲಿದೆ, ಆದ್ದರಿಂದ ಲೆಕ್ಕ ಮಾಡದೆ ಬಿಡುವ ಹಾಗಿಲ್ಲ. ಮುರಕಲ್ಲಿನ ಗುಡ್ಡದ ಮೇಲಿನ ಮನೆಗೆ ಈ ಪ್ರಶ್ನೆಯೇ ಇಲ್ಲ. ಅಳಿವೆಯ ಸಡಿಲ ಮರಳಿನ ಮೇಲಾದರೆ ಹಗುರ ಮನೆಗೆ 1.2 ಮೀ ದಪ್ಪಕ್ಕೆ ಜಲ್ಲಿಯನ್ನು ಪದರಪದರವಾಗಿ, ನಡುವೆ ಜಿಯೋಗ್ರಿಡ್ (ಗಟ್ಟಿ ಪ್ಲಾಸ್ಟಿಕ್ ಜಾಲರಿ) ಹಾಸಿ ಕೂರಿಸಿ, ಅದರ ಮೇಲೆ ಒಂದೇ ತುಂಡಿನ ರಾಫ್ಟ್ ಹಾಕುವುದು ಒಳ್ಳೆಯ ದಾರಿ. ಕ್ರೈಸ್ಟ್‌ಚರ್ಚ್‌ನಲ್ಲಿ ಮನೆಗಳಿಗೆ ಇಂಥದ್ದನ್ನೇ ಬಳಸಿದರು. ಆಳದ ಮರಳು ಸಡಿಲಾದರೂ ಮನೆ ಒಟ್ಟಾಗಿ ಇಳಿಯುತ್ತದೆ, ಮುರಿಯುವುದಿಲ್ಲ. ಬಿಡಿಬಿಡಿ ಫುಟಿಂಗ್ ಮಾತ್ರ ಬೇಡ. ನದಿಯ ದಂಡೆಗೆ ತೀರಾ ಹತ್ತಿರವಿದ್ದರೆ ನೆಲ ನೀರಿನ ಕಡೆಗೆ ಜಾರುವ ಅಪಾಯವನ್ನು ಬೇರೆಯಾಗಿ ನೋಡಿಸಿ, ಜಲ್ಲಿ ಹಾಸು ಅದನ್ನು ತಡೆಯುವುದಿಲ್ಲ.

ಸೈಟ್_ನೋಯ್ಡಾ:

ಎಲ್ಲರಿಗೂ ಧನ್ಯವಾದ. ಗುತ್ತಿಗೆದಾರರನ್ನು ವಿಚಾರಿಸಿದೆ, ಅವರು ಹೇಳಿದ್ದು ಕೇಸಿಂಗ್-ಬೈಲರ್ ವಿಧಾನವೇ. ವೈಬ್ರೋ ಯಂತ್ರ ಇರುವವರಿಂದ ದರ ತರಿಸುತ್ತಿದ್ದೇವೆ. ಒಂದೇ ಪ್ರಶ್ನೆ ಉಳಿದಿದೆ: ಎಲ್ಲ ಮುಗಿದ ಮೇಲೆ ಒಂದೆರಡು ಕಡೆ ಎನ್ 23ರ ಬದಲು 19–20 ಬಂದರೆ?

ಜಲ್ಲಿಕಂಬ ಉತ್ತರ:

ಮೊದಲು ಆ ಆಳದ ಮಾದರಿಯ ಫೈನ್ಸ್ ಅಳೆಯಿಸಿ. ಫೈನ್ಸ್ ಹೆಚ್ಚಿದ್ದರೆ ಅಲ್ಲಿನ ಗುರಿಯೇ ಕಡಿಮೆ ಇರಬಹುದು. ಇಲ್ಲದಿದ್ದರೆ ಎರಡು ವಾರ ಬಿಟ್ಟು ಪಕ್ಕದಲ್ಲೇ ಇನ್ನೊಂದು ಪರೀಕ್ಷೆ. ಆಗಲೂ ಅಷ್ಟೇ ಬಂದರೆ ಆ ತ್ರಿಕೋನಗಳ ನಡುವೆ ಇನ್ನೊಂದು ಕಾಲಂ ಇಳಿಸಿ. ಇದಕ್ಕಾಗಿ ಒಪ್ಪಂದದಲ್ಲೇ ಒಟ್ಟು ಕಾಲಂಗಳ 5 ಶೇಯಷ್ಟು ಹೆಚ್ಚುವರಿ ಕೆಲಸಕ್ಕೆ ದರ ಬರೆಸಿ, ಪರೀಕ್ಷೆಯ ಫಲಿತಾಂಶ ಬರುವ ತನಕ ಯಂತ್ರ ಸೈಟ್ ಬಿಟ್ಟು ಹೋಗಬಾರದೆಂಬ ಷರತ್ತೂ ಇರಲಿ. ಯಂತ್ರ ಹೋದ ಮೇಲೆ ಹತ್ತು ಕಾಲಮ್ಮಿಗಾಗಿ ಮತ್ತೆ ತರಿಸಲು ಯಾರೂ ಒಪ್ಪುವುದಿಲ್ಲ, ಆಗ ಕಾಗದದ ಮೇಲೆ ಲೆಕ್ಕ ತಿದ್ದುವ ಒತ್ತಡ ನಿಮ್ಮ ಮೇಲೆ ಬೀಳುತ್ತದೆ.